ಬಿ.ಆರ್ಕ್ ಸೀಟಿಗೆ ಅಡ್ವಾನ್ಸ್ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ

ಮೊನ್ನೆ ಭಾನುವಾರ ನಮ್ಮ ಹಿಂದಿನ ಬೀದಿಯವರು ಒಬ್ಬರು ಮನೆಗೆ ಬಂದಿದ್ದರು. "ಮಗಳು ಆರ್ಕಿಟೆಕ್ಚರ್ ಓದ್ತೀನಿ ಅಂತಿದ್ದಾಳೆ. ನಿಮ್ಮ ತಮ್ಮನೂ ಅದೇ ಓದ್ತಿದ್ದಾನಲ್ವಾ, ಸ್ವಲ್ಪ ಹೇಳಿ" ಎಂದರು. ಕೈಯಲ್ಲಿ ಒಂದು ಬ್ರೋಷರ್ ಇತ್ತು. ತೆಗೆದುಕೊಂಡು ನೋಡಿದೆ, ಎದೆ ಧಸಕ್ ಎಂದಿತು. 2023ರಲ್ಲಿ ನಮ್ಮ ಕೈಗೆ ಬಂದಿದ್ದ ಅದೇ ಬ್ರೋಷರ್. ಮುಖಪುಟದ ಬಣ್ಣ ಬದಲಾಗಿದೆ, ಒಳಗಿನ ಫೋಟೋಗಳು ಅವೇ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು, ಸೀಟು ಕೊಡಿಸಿದ ಕನ್ಸಲ್ಟೆನ್ಸಿಯ ಹೆಸರು ಹಾಕುತ್ತಿಲ್ಲ. ಹೆಸರು ತಿಳಿದರೆ ಅದೊಂದನ್ನು ಮಾತ್ರ ಬಿಡುತ್ತೀರಿ. ಒಪ್ಪಿಗೆಯೇ ಇಲ್ಲದ ಕೋರ್ಸಿಗೆ ದುಡ್ಡು ಕಟ್ಟಿ ಹೇಗೆ ಸಿಕ್ಕಿಹಾಕಿಕೊಂಡೆವು ಎಂಬುದು ತಿಳಿದರೆ ಇಂಥವು ಎಲ್ಲಿ ಎದುರಾದರೂ ಗೊತ್ತಾಗುತ್ತದೆ.

ನಮ್ಮದು ತಿಪಟೂರು. ಮನೆಯಲ್ಲಿ ಯಾರೂ ಆರ್ಕಿಟೆಕ್ಚರ್ ಓದಿದವರಿಲ್ಲ. ತಮ್ಮನಿಗೆ ಚಿಕ್ಕಂದಿನಿಂದ ಕೈಯಲ್ಲಿ ಪೆನ್ಸಿಲ್ ಇರಬೇಕು. ತೊಟ್ಟಿಮನೆಯ ಕಂಬ, ಬಸ್‌ಸ್ಟ್ಯಾಂಡ್, ಸಂತೆ, ಏನು ಕಂಡರೂ ಬಿಡಿಸುತ್ತಿದ್ದ. 2023ರಲ್ಲಿ ದ್ವಿತೀಯ ಪಿಯುಸಿಯಲ್ಲಿ ಪಿಸಿಎಂನಲ್ಲಿ ಒಳ್ಳೆಯ ಅಂಕ ಬಂತು. ಆರ್ಕಿಟೆಕ್ಚರ್ ಸೇರಲು ನಾಟಾ ಎಂಬ ಅರ್ಹತಾ ಪರೀಕ್ಷೆ ಬರೆಯಬೇಕು ಎಂದು ಅವನಿಗೆ ಗೊತ್ತಿತ್ತು. ಆ ವರ್ಷದ ಕೊನೆಯ ನಾಟಾ ಜುಲೈನಲ್ಲಿತ್ತು, ಅದನ್ನೇ ಬರೆಯುತ್ತೇನೆ ಎಂದು ತಯಾರಿ ಮಾಡಿಕೊಳ್ಳುತ್ತಿದ್ದ.

ಜೂನ್ ಮೊದಲ ವಾರ ತುಮಕೂರಿನ ಒಂದು ಹೋಟೆಲ್ ಹಾಲ್‌ನಲ್ಲಿ ಎಜುಕೇಶನ್ ಫೇರ್ ನಡೆಯಿತು. ಅಪ್ಪ, ನಾನು, ತಮ್ಮ ಮೂವರೂ ಹೋದೆವು. ಒಂದು ಟೇಬಲ್ ಮುಂದೆ ಕೂರಿಸಿ ನೀರು ಕೊಟ್ಟು ಮಾತಿಗೆ ಶುರು ಮಾಡಿದರು. ಬೆಂಗಳೂರಿನ ಹೊರಗೆ ಒಂದು ಖಾಸಗಿ ವಿಶ್ವವಿದ್ಯಾಲಯ, ಹೊಸದಾಗಿ ಆರ್ಕಿಟೆಕ್ಚರ್ ವಿಭಾಗ. "ಯೂನಿವರ್ಸಿಟಿಗೆ ಯುಜಿಸಿ ಮಾನ್ಯತೆ ಇದೆ ಸರ್. ಎಐಸಿಟಿಇ ಪತ್ರವೂ ಇದೆ. ನಾಟಾ ಎಲ್ಲ ಸರ್ಕಾರಿ ಸೀಟಿಗೆ. ನಮ್ಮಲ್ಲಿ ಡೈರೆಕ್ಟ್ ಅಡ್ಮಿಷನ್" ಎಂದ ಆ ಮನುಷ್ಯ. ಯುಜಿಸಿ ಎಂದರೆ ವಿಶ್ವವಿದ್ಯಾಲಯಗಳನ್ನು, ಎಐಸಿಟಿಇ ಎಂದರೆ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆಗಳು. ತಮ್ಮ ಮೆಲ್ಲಗೆ, "ಆದ್ರೆ ನಾಟಾ ಕಡ್ಡಾಯ ಅಂತ ಓದಿದ್ದೆ ಸರ್" ಎಂದ. "ಅದನ್ನ ಆಮೇಲೆ ಬರೆದುಕೊಳ್ಳಬಹುದು ಕಣಪ್ಪಾ, ಮೊದಲು ಸೀಟು ಹಿಡ್ಕೋ. ಇನ್ನು ಆರೇ ಸೀಟು ಉಳಿದಿರೋದು" ಎಂಬ ಉತ್ತರ ಬಂತು.

ಅಲ್ಲೇ ಎದ್ದು ಬರಬೇಕಿತ್ತು. ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಅವನ ಭುಜ ಒತ್ತಿ ಸುಮ್ಮನಿರಿಸಿದವಳು ನಾನು.

ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಸಲ ಫೋನ್. ಮೂರನೇ ದಿನ ಅಪ್ಪ ಕೊಬ್ಬರಿ ಮಾರಿ ಇಟ್ಟಿದ್ದ ದುಡ್ಡಿನಲ್ಲಿ 1,50,000 ರೂಪಾಯಿ ಕಟ್ಟಿದರು. ಕನ್ಸಲ್ಟೆನ್ಸಿಗೆ ಬೇರೆ 25,000, ಅದೂ ನಗದು, ರಸೀದಿ ಇಲ್ಲ. "ವೆರಿಫಿಕೇಶನ್‌ಗೆ" ಎಂದು ಒರಿಜಿನಲ್ ಅಂಕಪಟ್ಟಿ ಮತ್ತು ಟಿಸಿಯನ್ನೂ ಕೊಟ್ಟುಬಂದೆವು. ಸೀಟು ಸಿಕ್ಕಿತಲ್ಲ ಎಂದು ತಮ್ಮ ಜುಲೈನ ನಾಟಾಗೆ ಅರ್ಜಿ ಹಾಕಲೇ ಇಲ್ಲ. ದುಡ್ಡು ಹೋಗಿದ್ದಕ್ಕಿಂತ ಇದರ ಪೆಟ್ಟೇ ಜಾಸ್ತಿ ಆಯಿತು.

ಅವರು ಕೊಟ್ಟ ಪತ್ರ ಇನ್ನೂ ನನ್ನ ಹತ್ತಿರ ಇದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಪ್ರೊವಿಷನಲ್ ಅಡ್ಮಿಷನ್'. ಕೋರ್ಸ್ ಎಂಬಲ್ಲಿ ಬಿ.ಆರ್ಕ್, ಪಕ್ಕದಲ್ಲಿ ಒಂದು ಚಿಕ್ಕ ನಕ್ಷತ್ರದ ಗುರುತು. ಪುಟದ ತೀರಾ ಕೆಳಗೆ, ಸೀಲು ಅರ್ಧ ಮುಚ್ಚಿದ ಜಾಗದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು: 'ಸಂಬಂಧಪಟ್ಟ ಮಂಡಳಿಯ ಅನುಮೋದನೆಗೆ ಒಳಪಟ್ಟು'. ಫೀ ರಸೀದಿಯಲ್ಲಿ ಬಿ.ಆರ್ಕ್ ಎಂಬ ಪದವೇ ಇಲ್ಲ, 'ಡಿಸೈನ್ ಪ್ರೋಗ್ರಾಂ' ಎಂದು ಬರೆದಿದೆ. ನಾನು ಆಫೀಸಿನಲ್ಲಿ ದಿನಾ ಕಾಗದಪತ್ರ ನೋಡುವವಳು. ಆದರೂ ಆ ಸಾಲು ನನ್ನ ಕಣ್ಣಿಗೆ ಬಿದ್ದದ್ದು ಮೂರು ತಿಂಗಳ ನಂತರ.

ಕಾಲೇಜು ಶುರುವಾಯಿತು. ಆರ್ಕಿಟೆಕ್ಚರ್ ಎಂದರೆ ಸ್ಟುಡಿಯೋದಲ್ಲಿ ಕೂತು ಕಲಿಯುವ ಓದು. ಒಬ್ಬೊಬ್ಬರಿಗೂ ಡ್ರಾಫ್ಟಿಂಗ್ ಟೇಬಲ್ ಬೇಕು, ಮಾಡೆಲ್ ಮಾಡಲು ಜಾಗ ಬೇಕು, ಪಕ್ಕದಲ್ಲಿ ನಿಂತು ಶೀಟ್ ತಿದ್ದುವ ಮೇಷ್ಟ್ರು ಬೇಕು. ತಮ್ಮನ 'ಸ್ಟುಡಿಯೋ'ದಲ್ಲಿ ಇದ್ದದ್ದು ಸಾಲು ಬೆಂಚುಗಳು. ಗೆರೆ ಎಳೆಯುವ ಟಿ-ಸ್ಕ್ವೇರ್ ಇಟ್ಟರೆ ಅರ್ಧ ಹೊರಗೆ ನೇತಾಡುತ್ತಿತ್ತಂತೆ. ಡಿಸೈನ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದವರು ಸಿವಿಲ್ ಎಂಜಿನಿಯರಿಂಗ್ ವಿಭಾಗದವರು. ಅವನು ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದ. ಹೊಸ ಕಾಲೇಜು ಅಲ್ವಾ, ಸರಿಹೋಗುತ್ತೆ ಬಿಡು ಎನ್ನುತ್ತಿದ್ದೆ ನಾನು.

ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ, ಗೌರಿ ಹಬ್ಬಕ್ಕೆ ಅವನು ಊರಿಗೆ ಬಂದಾಗ. ಅಪ್ಪನಿಗೆ ಪರಿಚಯದ ಆರ್ಕಿಟೆಕ್ಟ್ ಒಬ್ಬರಿದ್ದಾರೆ. ಅವರಿಂದ ಹಳೇ ಪುಸ್ತಕ ತರೋಣ ಎಂದು ಹೋದೆವು. ಅವರು ಕೇಳಿದ ಮೊದಲ ಮಾತೇ, "ಏನಪ್ಪಾ, ನಾಟಾ ಎಷ್ಟು ಬಂತು?" ಬರೆದಿಲ್ಲ ಎಂದ ತಮ್ಮ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಬರೆಯದೆ ಬಿ.ಆರ್ಕ್ ಹೇಗೆ ಸೇರಿದೆ?"

ಗೋಡೆಯ ಮೇಲೆ ಅವರ ನೋಂದಣಿ ಪತ್ರವಿತ್ತು. ಅದನ್ನು ತೋರಿಸಿ ಸಮಾಧಾನವಾಗಿ ವಿವರಿಸಿದರು. ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆ. ಅದರ ಕೆಳಗೆ ಇರುವುದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್, ಎಲ್ಲರೂ ಸಿಓಎ ಅನ್ನುತ್ತಾರೆ. ಸಿಓಎಯಲ್ಲಿ ಹೆಸರು ನೋಂದಣಿಯಾಗದೆ ಯಾರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಹಾಗಿಲ್ಲ. ನೋಂದಣಿ ಆಗಬೇಕಾದರೆ ಮಾನ್ಯತೆ ಇರುವ ಪದವಿ ಬೇಕು. ಯುಜಿಸಿ ವಿಶ್ವವಿದ್ಯಾಲಯವನ್ನು ಒಪ್ಪಿರಬಹುದು, ಆದರೆ ಆರ್ಕಿಟೆಕ್ಚರ್ ಕೋರ್ಸಿಗೆ ಬೇಕಾದದ್ದು ಸಿಓಎ ಒಪ್ಪಿಗೆ. ಎಐಸಿಟಿಇ ಪತ್ರ ತೋರಿಸಿದರು ಎಂದು ಅಪ್ಪ ಹೇಳಿದಾಗ ಅವರು ಇನ್ನೊಂದು ವಿಷಯ ಹೇಳಿದರು. ಎಐಸಿಟಿಇ, ಸಿಓಎ ಈ ಎರಡರಲ್ಲಿ ಯಾರ ಮಾತು ನಡೆಯಬೇಕು ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತಂತೆ. ಆರ್ಕಿಟೆಕ್ಚರ್ ಶಿಕ್ಷಣದ ಮಟ್ಟಿಗೆ 1972ರ ಕಾಯ್ದೆಯದೇ ಮೇಲುಗೈ ಎಂದು 2019ರ ನವೆಂಬರ್‌ನಲ್ಲಿ ತೀರ್ಪು ಬಂದಿದೆ.

ಆಮೇಲೆ ಸಿಓಎ ವೆಬ್‌ಸೈಟ್ ತೆರೆದರು. ಒಪ್ಪಿಗೆ ಇರುವ ಎಲ್ಲ ಕಾಲೇಜುಗಳ ಪಟ್ಟಿ ಅಲ್ಲಿದೆ. ಯಾವ ಕಾಲೇಜಿಗೆ ಎಷ್ಟು ಸೀಟು ಎಂಬುದೂ ಇದೆ. ಕರ್ನಾಟಕ ಆರಿಸಿ ಒಂದೊಂದೇ ಹೆಸರು ಕೆಳಗೆ ಸರಿಸುತ್ತಾ ಹೋದರು. ತಮ್ಮ ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತಿದ್ದ. ಪಟ್ಟಿ ಮುಗಿಯಿತು. ಅವನ ಕಾಲೇಜು ಇರಲಿಲ್ಲ. "ಸರ್, ಇನ್ನೊಂದ್ಸಲ ನೋಡಿ" ಎಂದ. ಅವರು ಪಾಪ, ಮತ್ತೆ ಮೊದಲಿಂದ ತೋರಿಸಿದರು.

ಈ ಪಟ್ಟಿ ನೋಡುವುದಕ್ಕೆ ಐದು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ. ದುಡ್ಡು ಕಟ್ಟುವ ಮೊದಲು ನಾನು ಈ ಕೆಲಸ ಮಾಡಿದ್ದರೆ ನಮ್ಮ ಮನೆಗೆ ಆ ಸ್ಥಿತಿ ಬರುತ್ತಿರಲಿಲ್ಲ. ನೀವು ಸೇರುವ ವರ್ಷದ ಪಟ್ಟಿಯನ್ನೇ ನೋಡಿ, ಹಳೆಯದನ್ನಲ್ಲ. ಹೋದ ವರ್ಷ ಇದ್ದ ಒಪ್ಪಿಗೆ ಈ ವರ್ಷ ಇಲ್ಲದಿರಬಹುದು. ಸೀಟಿನ ಸಂಖ್ಯೆಯನ್ನೂ ನೋಡಿ. ನಲವತ್ತು ಸೀಟಿಗೆ ಒಪ್ಪಿಗೆ ಪಡೆದ ಕಾಲೇಜು ಅರವತ್ತು ಮಕ್ಕಳನ್ನು ತುಂಬಿಕೊಂಡರೆ ಹೆಚ್ಚಿನ ಇಪ್ಪತ್ತು ಮಕ್ಕಳ ಗತಿ ಏನು, ಯೋಚಿಸಿ.

ಮರುದಿನ ಕನ್ಸಲ್ಟೆನ್ಸಿಗೆ ಫೋನ್ ಮಾಡಿದೆ. "ಒಂದು ವರ್ಷ ಓದಲಿ ಮೇಡಂ, ಎರಡನೇ ವರ್ಷಕ್ಕೆ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಮಾಡಿಸ್ತೀವಿ" ಎಂದರು. ಇದನ್ನೂ ನಂಬಬೇಡಿ. ಒಪ್ಪಿಗೆಯೇ ಇಲ್ಲದ ಕಡೆ ಓದಿದ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ಡಿಪ್ಲೊಮಾ ಮಾಡಿದವರು ನೇರ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಆ ಲ್ಯಾಟರಲ್ ಎಂಟ್ರಿ ಬಿ.ಆರ್ಕ್‌ನಲ್ಲಿ ಇಲ್ಲ. ಡಿಪ್ಲೊಮಾದವರೂ ಮೊದಲ ವರ್ಷದಿಂದಲೇ ಓದಬೇಕು, ಐದು ವರ್ಷ, ಹತ್ತು ಸೆಮಿಸ್ಟರ್.

ಬಿಡಿಸಿಕೊಳ್ಳುವುದು ಸೇರಿದಷ್ಟು ಸುಲಭವಿರಲಿಲ್ಲ. ಉಳಿದ ನಾಲ್ಕು ವರ್ಷದ ಫೀ ಕಟ್ಟಿದರೆ ಮಾತ್ರ ಅಂಕಪಟ್ಟಿ ಕೊಡುತ್ತೇವೆ ಎಂದರು. ಅಪ್ಪ ಆಫೀಸಿನ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಇಡೀ ದಿನ ಕೂತಿದ್ದರು, ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನನಗೆ ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಗೊತ್ತಿದ್ದ ವಕೀಲರೊಬ್ಬರು ದಾರಿ ತೋರಿಸಿದರು. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ಯಾವ ಸಂಸ್ಥೆಯೂ ವಿದ್ಯಾರ್ಥಿಯ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಹಾಗಿಲ್ಲ. ನೋಡಿ ವಾಪಸ್ ಕೊಡಬೇಕು, ಬೇಕಿದ್ದರೆ ನಕಲು ಇಟ್ಟುಕೊಳ್ಳಬಹುದು. ಓದದ ಮುಂದಿನ ವರ್ಷಗಳ ಫೀ ಕೇಳುವ ಹಾಗೂ ಇಲ್ಲ. ಇದನ್ನೆಲ್ಲ ಬರೆದು ಕುಲಸಚಿವರ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆವು, ಒಂದು ಪ್ರತಿ ಯುಜಿಸಿಗೆ, ಒಂದು ಸಿಓಎಗೆ. ಇಪ್ಪತ್ತಮೂರನೇ ದಿನ ಅಂಕಪಟ್ಟಿ, ಟಿಸಿ ಕೈಗೆ ಬಂದವು. ದುಡ್ಡಿನಲ್ಲಿ 90,000 ವಾಪಸ್ ಬಂತು. ಕನ್ಸಲ್ಟೆನ್ಸಿಗೆ ಕೊಟ್ಟ 25,000ಕ್ಕೆ ನಮ್ಮ ಬಳಿ ಒಂದು ಚೂರು ಕಾಗದವೂ ಇಲ್ಲದ್ದರಿಂದ ಕೇಳುವುದಕ್ಕೇ ಬಾಯಿಲ್ಲ.

ಈಗಾಗಲೇ ಹೀಗೆ ಸಿಕ್ಕಿಕೊಂಡವರು ತಡಮಾಡಬೇಡಿ. ಅಡ್ಮಿಷನ್ ರದ್ದು ಮಾಡುವ ಪತ್ರ ಎಷ್ಟು ಬೇಗ ಕೊಡುತ್ತೀರೋ ಅಷ್ಟು ಜಾಸ್ತಿ ದುಡ್ಡು ವಾಪಸ್ ಬರುತ್ತದೆ. ಆ ಅಧಿಸೂಚನೆಯಲ್ಲಿ ಅಡ್ಮಿಷನ್‌ನ ಕೊನೇ ದಿನಾಂಕಕ್ಕೆ ಎಷ್ಟು ಹಿಂದೆ ಮುಂದೆ ಬಿಟ್ಟಿರಿ ಎಂಬುದರ ಮೇಲೆ ಶೇಕಡಾ ಲೆಕ್ಕ ಹಾಕಿದ್ದಾರೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

2024ರಲ್ಲಿ ತಮ್ಮ ನಾಟಾ ಬರೆದ. 200 ಅಂಕದ ಪರೀಕ್ಷೆ. 80 ಅಂಕಕ್ಕೆ ಹಾಳೆಯ ಮೇಲೆ ಚಿತ್ರ ಮತ್ತು ಕಾಂಪೋಸಿಷನ್, 120 ಅಂಕಕ್ಕೆ ಕಂಪ್ಯೂಟರ್‌ನಲ್ಲಿ ಪ್ರಶ್ನೆಗಳು. ಒಂದೇ ವರ್ಷದಲ್ಲಿ ಮೂರು ಸಲದವರೆಗೆ ಬರೆಯಲು ಅವಕಾಶವಿತ್ತು. ಮೊದಲ ಸಲ ಕೈ ನಡುಗಿ ಚಿತ್ರ ಮುಗಿಸಲೇ ಇಲ್ಲ. ಎರಡನೇ ಸಲ 121 ಬಂತು. ಚೆನ್ನಾಗಿ ಚಿತ್ರ ಬಿಡಿಸಿದರೆ ಸಾಕು ಎಂದುಕೊಳ್ಳಬೇಡಿ, ಪಿಯುಸಿಯಲ್ಲಿ ಗಣಿತ ಇರಲೇಬೇಕು. ಕಾಮರ್ಸ್ ತೆಗೆದುಕೊಂಡು ಗಣಿತ ಬಿಟ್ಟ ಹುಡುಗಿಯೊಬ್ಬಳು ನಾಟಾ ಕೋಚಿಂಗ್‌ಗೆ ದುಡ್ಡು ಕಟ್ಟಿ ಅರ್ಧದಲ್ಲಿ ಅಳುತ್ತಾ ಹೋದದ್ದನ್ನು ತಮ್ಮ ಕಣ್ಣಾರೆ ನೋಡಿದ್ದಾನೆ. ಕನಿಷ್ಠ ಎಷ್ಟು ಶೇಕಡಾ ಬೇಕು, ಯಾವ ವಿಷಯಗಳು ಬೇಕು ಎಂಬುದನ್ನು ಸಿಓಎ ಆಗಾಗ ಬದಲಿಸುತ್ತದೆ. ಅದಕ್ಕೇ ಆ ವರ್ಷದ ನಾಟಾ ಬ್ರೋಷರನ್ನೇ ಓದಬೇಕು.

ಇಲ್ಲಿ ನಾವು ಇನ್ನೊಂದು ಹೊಂಡಕ್ಕೆ ಬೀಳುವುದರಲ್ಲಿದ್ದೆವು. ಬಿ.ಆರ್ಕ್‌ಗೆ ಸಿಇಟಿ ಪರೀಕ್ಷೆ ಇಲ್ಲವಲ್ಲ, ಹಾಗಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ, ಅಂದರೆ ಕೆಇಎಗೆ, ಅರ್ಜಿ ಯಾಕೆ ಎಂದು ಸುಮ್ನೆ ಕೂತಿದ್ದೆವು. ಸರ್ಕಾರಿ ಕೋಟಾದ ಸೀಟು ಹಂಚುವುದು ಕೆಇಎ. ಸಿಇಟಿ ಬರೆಯದಿದ್ದರೂ ಅಲ್ಲಿ ಅರ್ಜಿ ಹಾಕಿರಲೇಬೇಕು. ನಾಟಾ ಅಂಕ ಬಂದ ಮೇಲೆ ಅದನ್ನು ಅವರ ಪೋರ್ಟಲ್‌ನಲ್ಲಿ ನಾವೇ ತುಂಬಬೇಕು. ಅರ್ಧ ಪಿಯುಸಿ ಅಂಕ, ಅರ್ಧ ನಾಟಾ ಅಂಕ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಅಂಕ ತುಂಬದಿದ್ದರೆ ರ‍್ಯಾಂಕೇ ಬರುವುದಿಲ್ಲ. ಅರ್ಜಿಯ ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ತಮ್ಮನ ಗೆಳೆಯ ಹೇಳಿದ್ದರಿಂದ ಬಚಾವಾದೆವು. ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಸಹಿ ಬೇಕು, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಖಾಸಗಿ ಸೀಟಿಗೆ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ ಇದೆ, ಅಲ್ಲೂ ನಾಟಾ ಕೇಳುತ್ತಾರೆ. ಎನ್‌ಐಟಿ ಅಥವಾ ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಬೇಕೆಂದರೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ ಪೇಪರ್ ಬರೆಯಬೇಕು. ಮ್ಯಾನೇಜ್‌ಮೆಂಟ್ ಸೀಟಿಗೂ ಇಂಥ ಒಂದು ಅರ್ಹತಾ ಪರೀಕ್ಷೆ ತಪ್ಪುವುದಿಲ್ಲ. ಪರೀಕ್ಷೆ ಇಲ್ಲದೆ ಬಿ.ಆರ್ಕ್ ಸೀಟು ಕೊಡುತ್ತೇವೆ ಎಂದವರ ಹತ್ತಿರ ಎರಡನೇ ಮಾತು ಆಡಬೇಡಿ.

ತಮ್ಮ ಈಗ ಪಟ್ಟಿಯಲ್ಲಿರುವ ಕಾಲೇಜೊಂದರಲ್ಲಿ ಓದುತ್ತಿದ್ದಾನೆ. ಅವನ ಜೊತೆ ಪಿಯುಸಿ ಮುಗಿಸಿದವರು ಒಂದು ವರ್ಷ ಮುಂದಿದ್ದಾರೆ. ಅವನು ಅದರ ಬಗ್ಗೆ ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ.

ಭಾನುವಾರ ಬಂದಿದ್ದವರಿಗೆ ಇಷ್ಟೆಲ್ಲ ಹೇಳಿ ಸಿಓಎ ಪಟ್ಟಿ ತೆರೆದು ಕೊಟ್ಟೆ. ಅವರೇ ಹುಡುಕಲಿ ಎಂದು ಫೋನ್ ಅವರ ಕೈಗೇ ಕೊಟ್ಟೆ. ಎರಡು ಸಲ ನೋಡಿದರು. ಬ್ರೋಷರಿನ ಹೆಸರು ಅದರಲ್ಲಿ ಇರಲಿಲ್ಲ. "ನಾಳೆ ಬೆಳಿಗ್ಗೆ ದುಡ್ಡು ಕಟ್ಟೋದಿತ್ತಮ್ಮಾ" ಎಂದರು. ಅವರ ಮಗಳು ಅಷ್ಟೊತ್ತೂ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಬಂದು ನನ್ನ ಪಕ್ಕ ಕೂತು ಕೇಳಿದಳು, "ಅಕ್ಕಾ, ನಾಟಾಗೆ ಈಗಲೇ ಅರ್ಜಿ ಹಾಕಬಹುದಾ?" ಅವಳ ಫೋಟೋ, ಸಹಿ ಸ್ಕ್ಯಾನ್ ಮಾಡಿಕೊಂಡು ಆ ರಾತ್ರಿಯೇ ಕೂತು ತುಂಬಿದೆವು.