ಇಎವಿಎಸ್ ದತ್ತಾಂಶ: ಚುನಾವಣಾ ಆಡಳಿತ ಸಂಶೋಧನೆಗೆ ಇಳಿಯುವವರು ತಿಳಿದಿರಬೇಕಾದ್ದು

ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕದ ಚುನಾವಣಾ ನೀತಿಯತ್ತ ಹೊರಳುವ ಹೆಚ್ಚಿನವರಿಗೆ ಫಲಿತಾಂಶದ ಅಂಕಿಗಳು ಕರತಲಾಮಲಕ. ಆಡಳಿತಗಾರರು ಕೇಳುವ ಪ್ರಶ್ನೆಗಳೇ ಬೇರೆ: ಅಂಚೆ ಮತಗಳಲ್ಲಿ ಎಷ್ಟು ತಿರಸ್ಕೃತವಾದವು? ಮತಗಟ್ಟೆಗೆ ಸಿಬ್ಬಂದಿ ಸಿಕ್ಕರೇ? ಇವಕ್ಕೆ ಉತ್ತರ ಹುಡುಕಲು ಇಎವಿಎಸ್, ಅಂದರೆ ಎಲೆಕ್ಷನ್ ಅಡ್ಮಿನಿಸ್ಟ್ರೇಷನ್ ಆ್ಯಂಡ್ ವೋಟಿಂಗ್ ಸರ್ವೇಗಿಂತ ಒಳ್ಳೆಯ ಜಾಗವಿಲ್ಲ. 2002ರ ಹಾವಾ (ಹೆಲ್ಪ್ ಅಮೆರಿಕ ವೋಟ್) ಕಾಯ್ದೆಯಡಿ ಹುಟ್ಟಿದ ಕೇಂದ್ರ ಸಂಸ್ಥೆ ಎಲೆಕ್ಷನ್ ಅಸಿಸ್ಟೆನ್ಸ್ ಕಮಿಷನ್ 2004ರಿಂದ ಎರಡು ವರ್ಷಕ್ಕೊಮ್ಮೆ ಇದನ್ನು ನಡೆಸುತ್ತಿದೆ. ಕಡತ ಉಚಿತ.

ಆದರೆ ಇಳಿಸಿಕೊಂಡ ಕೂಡಲೇ ಎಕ್ಸೆಲ್‌ನಲ್ಲಿ ತೆರೆಯಬೇಡಿ. ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹತ್ತಂಕಿಯ ಫಿಪ್ಸ್ ಸಂಕೇತ, ಅಂದರೆ ಸ್ಥಳವನ್ನು ಗುರುತಿಸುವ ಸರ್ಕಾರಿ ಸಂಖ್ಯೆ ಇದ್ದು, ಎಕ್ಸೆಲ್ ಅದನ್ನು ಸಂಖ್ಯೆ ಎಂದು ಓದಿ ಆರಂಭದ ಸೊನ್ನೆಯನ್ನು ನುಂಗುತ್ತದೆ. ಕ್ಯಾಲಿಫೋರ್ನಿಯದ ಅಲಮೀಡ ಕೌಂಟಿ 0600100000. ಸೊನ್ನೆ ಹೋದ ಮೇಲೆ ಜನಗಣತಿಯ ಅಂಕಿಗಳ ಜತೆ ಜೋಡಿಸಲೆಂದು ಮೊದಲ ಐದಂಕಿ ಕತ್ತರಿಸಿದರೆ 06001 ಬದಲು 60010 ಬರುತ್ತದೆ. 60 ಎಂದರೆ ಅಮೆರಿಕನ್ ಸಮೋವಾ! ಆ ಕಾಲಂ ಅನ್ನು ಮೊದಲಿಂದಲೂ ಪಠ್ಯವಾಗಿಯೇ ಓದಿಸಬೇಕು.

ಎರಡನೆಯ ಅಪಾಯ, ಅಂಕಿಯ ಜಾಗದಲ್ಲಿ ಬರುವ -88 ಮತ್ತು -99 ಎಂಬ ಸಂಕೇತಗಳು. ಮೊದಲನೆಯದು ‘ಅನ್ವಯಿಸುವುದಿಲ್ಲ’, ಎರಡನೆಯದು ‘ಮಾಹಿತಿ ಲಭ್ಯವಿಲ್ಲ’. ತೆಗೆಯದೆ ಮೊತ್ತ ಹಾಕಿದರೆ ರಾಜ್ಯದ ಲೆಕ್ಕ ಸದ್ದಿಲ್ಲದೆ ಇಳಿಯುತ್ತದೆ. ಎರಡನ್ನೂ ಸೊನ್ನೆ ಮಾಡುವುದು ಇನ್ನೂ ಕೆಟ್ಟದ್ದು: ಲೆಕ್ಕವೇ ಇಡದ ಕೌಂಟಿ ಒಂದೂ ಮತ ತಿರಸ್ಕರಿಸದ ಕೌಂಟಿಯಂತೆ ಕಾಣುತ್ತದೆ.

ನಿಜವಾದ ತೊಡಕು ಛೇದದಲ್ಲಿದೆ. ಅಂಚೆ ಮತದ ತಿರಸ್ಕಾರ ದರಕ್ಕೆ ಕಳುಹಿಸಿದ ಮತಪತ್ರಗಳನ್ನಲ್ಲ, ಮರಳಿ ಬಂದವನ್ನು ಛೇದವಾಗಿಡಬೇಕು. ಎಲ್ಲರಿಗೂ ಮತಪತ್ರ ಅಂಚೆಯಲ್ಲಿ ಹೋಗುವ ರಾಜ್ಯಗಳಲ್ಲಿ ಇದನ್ನು ತಪ್ಪಿದರೆ ದರ ಸುಳ್ಳೇ ತಗ್ಗುತ್ತದೆ. ನೋಂದಣಿಯೂ ಹಾಗೆಯೇ. ನಿಷ್ಕ್ರಿಯ ಮತದಾರರನ್ನೂ (ವಿಳಾಸ ಖಚಿತವಾಗದಿದ್ದರೂ ಪಟ್ಟಿಯಲ್ಲಿ ಉಳಿದವರು) ಸೇರಿಸಿ, ಮತದಾನದ ವಯಸ್ಸಿನ ಜನಸಂಖ್ಯೆಗೆ ಹೋಲಿಸಿ ನೂರು ದಾಟಿದ ಶೇಕಡಾವಾರು ತೋರಿಸಿ ‘ಅಕ್ರಮ’ ಎನ್ನುವ ಬರಹಗಳಿಗೆ ಬರವಿಲ್ಲ. ಆಡಳಿತದ ಅರಿವಿರುವವರು ಅಂಥವನ್ನು ಎರಡನೇ ಪುಟಕ್ಕೇ ಮುಚ್ಚಿ ಪಕ್ಕಕ್ಕಿಡುತ್ತಾರೆ. ನಾರ್ತ್ ಡಕೋಟದಲ್ಲಂತೂ ಮತದಾರರ ನೋಂದಣಿಯೇ ಇಲ್ಲ. ಅಲಾಸ್ಕ ಇಡೀ ರಾಜ್ಯಕ್ಕೆ ಒಂದೇ ಸಾಲು ಕೊಡುತ್ತದೆ. ವಿಸ್ಕಾನ್ಸಿನ್‌ನಲ್ಲಿ ಕೌಂಟಿಯಲ್ಲ, ಪುರಸಭೆ ಮಟ್ಟದ ಸಾಲುಗಳಿವೆ.

ಹಾಗಾಗಿ ಜತೆಗೆ ಬರುವ ಪಾಲಿಸಿ ಸರ್ವೇಯನ್ನು (ರಾಜ್ಯಗಳ ಚುನಾವಣಾ ನಿಯಮಗಳ ವಿವರ) ಮೊದಲು ಓದಿ, ಅಂಕಿಗಳಿಗೆ ಆಮೇಲೆ ಬನ್ನಿ. ಅಧಿಕಾರಿಗಳು ಟಿಪ್ಪಣಿ ಕಾಲಂನಲ್ಲಿ ಬರೆದದ್ದನ್ನೂ ಬಿಡಬೇಡಿ. ವಿಚಿತ್ರವಾಗಿ ಕಾಣುವ ಅಂಕಿಯ ಕಾರಣ ಎಷ್ಟೋ ಸಲ ಅಲ್ಲೇ ಇರುತ್ತದೆ. 2018ರಲ್ಲಿ ಪ್ರಶ್ನಾವಳಿ ಬದಲಾಗಿರುವುದರಿಂದ, ಅದರ ಹಿಂದಿನ ವರ್ಷಗಳನ್ನು ಪ್ರಶ್ನೆಯ ಸಂಖ್ಯೆ ನೋಡಿ ಜೋಡಿಸದೆ ಪ್ರಶ್ನೆಯ ಪಠ್ಯ ನೋಡಿ ಜೋಡಿಸಿ.

ಇಷ್ಟಾದರೂ ಮತದಾರ ಸಾಲಿನಲ್ಲಿ ಎಷ್ಟು ಹೊತ್ತು ನಿಂತ ಎಂಬುದು ಇಲ್ಲಿ ಸಿಗದು. ಅದಕ್ಕೆ 2008ರಲ್ಲಿ ಶುರುವಾದ ಎಸ್‌ಪಿಎಇ (ಸರ್ವೇ ಆಫ್ ದಿ ಪರ್ಫಾರ್ಮೆನ್ಸ್ ಆಫ್ ಅಮೆರಿಕನ್ ಎಲೆಕ್ಷನ್ಸ್) ಎಂಬ, ಮತದಾರರನ್ನೇ ಕೇಳುವ ಸಮೀಕ್ಷೆ ಇದೆ. ಅದರಲ್ಲಿ ರಾಜ್ಯವೊಂದಕ್ಕೆ ಸಾಮಾನ್ಯವಾಗಿ 200 ಜನರ ಮಾದರಿ, ಹಾಗಾಗಿ ಕೌಂಟಿ ಮಟ್ಟದ ತೀರ್ಮಾನಕ್ಕೆ ಸಾಲದು.