ಉಬುಂಟು ಲ್ಯಾಪ್‌ಟಾಪ್‌ಗೆ ಎರಡನೇ ಪರದೆ: ಮೂರು ಸಾಮಾನು, ಮೂರು ಅನುಭವ

ಎರಡನೇ ಪರದೆ ಜೋಡಿಸಲು ಮೂರು ಸಾಮಾನು ನೋಡಿದೆ: ಹಳೇ ಅಡಾಪ್ಟರ್, ಯುಎಸ್‌ಬಿ 3.0 ಡಾಕ್ (ಹಲವು ಪೋರ್ಟ್‌ಗಳಿರುವ ಪೆಟ್ಟಿಗೆ), ಟೈಪ್-ಸಿ ಡಾಕ್. ಮೂರನ್ನೂ ಯುಎಸ್‌ಬಿಗೇ ಚುಚ್ಚುವುದು, ಮೂರರ ಹಿಂದೆಯೂ ಎಚ್‌ಡಿಎಂಐ ತೂತು. ಆದರೂ ಒಂದರಂತೆ ಇನ್ನೊಂದಿಲ್ಲ. ಚಿತ್ರ ತಯಾರಾಗಿ ಬರುವ ದಾರಿಯೇ ಬೇರೆ.

ಹಳೇ ಯುಎಸ್‌ಬಿ 2.0 ಅಡಾಪ್ಟರ್ ಗೆಳೆಯನ ಡ್ರಾಯರ್‌ನಲ್ಲಿ ಸಿಕ್ಕಿದ್ದು. ಒಳಗೆ ಡಿಸ್ಪ್ಲೇಲಿಂಕ್‌ನ (ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಚಿಪ್‌ಗಳ ಕಂಪನಿ) ಮೊದಲ ಕಾಲದ ಚಿಪ್. ಚುಚ್ಚಿದ ಕೂಡಲೇ ಪರದೆ ಬಂತು. ಇದರ ಯುಡಿಎಲ್ ಡ್ರೈವರ್ 2012ರಿಂದಲೂ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಆದರೆ ಯುಎಸ್‌ಬಿ 2.0 ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಫುಲ್ ಎಚ್‌ಡಿ ಚಿತ್ರ ಸೆಕೆಂಡಿಗೆ 60 ಸಲ ಹಾಗೇ ಹೋಗಬೇಕಾದರೆ ಸುಮಾರು 3 ಗಿಗಾಬಿಟ್ ಬೇಕು. ಟರ್ಮಿನಲ್‌ಗೆ ಸಾಕು, ವಿಡಿಯೋಗೆ ಆಸೆಪಡಬೇಡಿ.

ಯುಎಸ್‌ಬಿ 3.0 ಡಾಕ್‌ನಲ್ಲಿದ್ದದ್ದು ಡಿಸ್ಪ್ಲೇಲಿಂಕ್‌ನದೇ ಡಿಎಲ್-6950. ಎರಡು 4ಕೆ ಪರದೆಗಳನ್ನು 60 ಹರ್ಟ್ಸ್‌ನಲ್ಲಿ ನಡೆಸಬಲ್ಲ ಚಿಪ್, ಕಡಿಮೆಯದ್ದಲ್ಲ. ಆದರೆ ಇದಕ್ಕೆ ಯುಡಿಎಲ್ ನಡೆಯುವುದಿಲ್ಲ. ಎವ್‌ಡಿಐ ಅನ್ನುವ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ತುಣುಕು) ಬೇಕು, ಅದರ ಸೋರ್ಸ್ ಎಲ್ಲರಿಗೂ ಸಿಗುತ್ತದೆ. ಚಿತ್ರವನ್ನು ಕುಗ್ಗಿಸಿ ಕಳಿಸುವ ಪ್ರೋಗ್ರಾಮ್ ಬೇರೆ, ಅದರ ಸೋರ್ಸ್ ಸಿಗುವುದಿಲ್ಲ. ಕುಗ್ಗಿಸುವ ಕೆಲಸ ಸಿಪಿಯು ತಲೆ ಮೇಲೆ. ದೊಡ್ಡ ವಿಡಿಯೋ ಹಾಕಿದರೆ ಫ್ಯಾನ್ ಹಾಡಲು ಶುರು. ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಅನ್ನುವ ಸಾಧನ ಆ ಮಾಡ್ಯೂಲನ್ನು ಮತ್ತೆ ಕಟ್ಟಬೇಕು.

ನನ್ನ ಒಂದು ಸಂಜೆ ಹಾಳಾಗಿದ್ದು ಇಲ್ಲೇ, ತಪ್ಪು ನನ್ನದೇ. ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಆನ್ ಇತ್ತು. ರೀಬೂಟ್ ಆದಾಗ ನೀಲಿ ಪರದೆ ಬಂದು, ಮಾಡ್ಯೂಲ್‌ನ ಸಹಿ ನಂಬಲು ಬೇಕಾದ ಕೀ ಸೇರಿಸಲೇ ಅಂತ ಕೇಳಿತು. ಓದದೆ ಸುಮ್ನೆ 'ಕಂಟಿನ್ಯೂ' ಒತ್ತಿಬಿಟ್ಟೆ. ಆಮೇಲೆ ಕೇಬಲ್ ಬದಲಿಸಿದೆ, ಮಾನಿಟರ್ ಬದಲಿಸಿದೆ. ಕೊನೆಗೆ ಮಾಡ್ಯೂಲ್ ಸೇರಿಸುವ ಮಾಡ್‌ಪ್ರೋಬ್ ಕಮಾಂಡ್ ಕೊಟ್ಟಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂದಿತು. ಕೀ ಸೇರಿಸದ್ದಕ್ಕೇ ಮಾಡ್ಯೂಲ್ ಒಳಗೆ ಹೋಗಿರಲಿಲ್ಲ.

ಟೈಪ್-ಸಿ ಡಾಕ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಅದರ ದೊಡ್ಡಸ್ತಿಕೆ. ಡಿಸ್ಪ್ಲೇಪೋರ್ಟ್ ಆಲ್ಟ್ ಮೋಡ್‌ನಲ್ಲಿ (ಟೈಪ್-ಸಿ ತಂತಿಯಲ್ಲೇ ಪರದೆಯ ಸಿಗ್ನಲ್ ಹೋಗುವ ವ್ಯವಸ್ಥೆ) ಲ್ಯಾಪ್‌ಟಾಪ್‌ನ ಜಿಪಿಯುವೇ ನೇರವಾಗಿ ಚಿತ್ರ ಕಳಿಸುತ್ತದೆ. ಡಾಕ್‌ಗೆ ಅಂತ ಪ್ರತ್ಯೇಕ ಡ್ರೈವರ್ ಇಲ್ಲ. ಎಂಎಸ್‌ಟಿ (ಒಂದೇ ಸಂಪರ್ಕದಲ್ಲಿ ಹಲವು ಪರದೆಗಳ ಚಿತ್ರ ಕಳಿಸುವ ವಿಧಾನ) ಇದ್ದ ಡಾಕ್ ಆದ್ದರಿಂದ ಎರಡು ಪರದೆಗಳೂ ಬೇರೆ ಬೇರೆಯಾಗಿ ಬಂದವು. ಮ್ಯಾಕ್‌ನಲ್ಲಿ ಇದು ಆಗುವುದಿಲ್ಲ, ಗೊತ್ತಾ! ಒಂದು ಕೊರತೆ: ಯುಎಸ್‌ಬಿ 3 ಡೇಟಾಕ್ಕೂ ಜಾಗ ಬಿಡಬೇಕಾದ್ದರಿಂದ ಕೇಬಲ್‌ನ ನಾಲ್ಕು ವೇಗದ ಲೇನ್‌ಗಳಲ್ಲಿ (ಡೇಟಾ ಹರಿಯುವ ದಾರಿ) ಎರಡೇ ಚಿತ್ರಕ್ಕೆ ಉಳಿಯುತ್ತವೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ 4ಕೆ 30 ಹರ್ಟ್ಸ್‌ಗೇ ನಿಂತಿತು. ಮೌಸ್ ಓಡಾಡಿಸಿದರೇ ಗೊತ್ತಾಗುತ್ತದೆ. ಫುಲ್ ಎಚ್‌ಡಿಗೆ ಏನೂ ತೊಂದರೆ ಇಲ್ಲ.

ನನ್ನ ಮೇಜಿನ ಮೇಲೆ ಉಳಿದಿದ್ದು ಟೈಪ್-ಸಿ ಡಾಕ್. ಅಕ್ಕನ ಲ್ಯಾಪ್‌ಟಾಪ್‌ನ ಟೈಪ್-ಸಿ ಬರೀ ಡೇಟಾಕ್ಕೆ, ಆಲ್ಟ್ ಮೋಡ್ ಇಲ್ಲ. ಹಾಗಾಗಿ ಡಿಎಲ್-6950 ಅವಳ ಮನೆಗೆ ಹೋಯಿತು. ನೀಲಿ ಪರದೆ ಬಂದರೆ 'ಎನ್‌ರೋಲ್' ಒತ್ತು ಅಂತ ಚೀಟಿ ಬರೆದು ಡಾಕ್‌ಗೇ ಅಂಟಿಸಿ ಕೊಟ್ಟೆ.