ಕರಿ ಹಾವು, ತಾಮ್ರದ ಬಕೆಟ್, ಮೊದಲ ಹುಲ್ಲೆಸಳು

ಕಥೆ ಇಲ್ಲದೆ ನಿದ್ದೆಯೇ ಮಾಡದ ಏಳು ವರ್ಷದ ಮಗಳು ನಮ್ಮ ಮನೆಯಲ್ಲಿದ್ದಾಳೆ. ಎರಡು ತಿಂಗಳು ಅವಳಿಗೆ ಮೂರೇ ಚಿತ್ರಪುಸ್ತಕಗಳನ್ನು ಮತ್ತೆ ಮತ್ತೆ ಓದಿದೆ, ಇಂಗ್ಲಿಷಿನಲ್ಲಿ ನೋಡುತ್ತಾ ಕನ್ನಡದಲ್ಲಿ ಹೇಳುತ್ತಾ. ಮೂರೂ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಗಳು, ಬರೆದವರೂ ಆ ಸಮುದಾಯಗಳವರೇ. ನೀರನ್ನೋ ನೆಲವನ್ನೋ ನೋಡಿಕೊಳ್ಳುವುದೇ ಮೂರರ ವಿಷಯ. ಆದರೆ ಮಗಳು ಒಂದೊಂದರಿಂದ ಹಿಡಿದುಕೊಂಡಿದ್ದು ಒಂದೊಂದು.

ಮೊದಲು ‘ವಿ ಆರ್ ವಾಟರ್ ಪ್ರೊಟೆಕ್ಟರ್ಸ್’. 2020ರಲ್ಲಿ ಬಂದಿದ್ದು. ಬರೆದವರು ಕ್ಯಾರೋಲ್ ಲಿಂಡ್‌ಸ್ಟ್ರಾಮ್, ಚಿತ್ರ ಮಿಖೇಲಾ ಗೋಡ್ ಅವರದು. ಗೋಡ್ ಟ್ಲಿಂಗಿಟ್ ಜನಾಂಗದವರು. ಈ ಪುಸ್ತಕಕ್ಕೆ 2021ರಲ್ಲಿ ಕಾಲ್ಡಿಕಾಟ್ ಪದಕ ಬಂತು, ಅಮೆರಿಕದಲ್ಲಿ ಮಕ್ಕಳ ಪುಸ್ತಕದ ಚಿತ್ರಗಳಿಗೆ ಕೊಡುವ ದೊಡ್ಡ ಗೌರವ ಅದು. ಆ ಪದಕ ಪಡೆದ ಮೊದಲ ಮೂಲನಿವಾಸಿ ಚಿತ್ರಕಾರ್ತಿ ಅವರೇ. ನೀಲಿ, ನೇರಳೆ ಜಲವರ್ಣ ಪುಟದ ತುಂಬ ಹರಡಿರುತ್ತದೆ. ಹುಡುಗಿಯ ಕೂದಲು ಎಲ್ಲಿ ಮುಗಿಯಿತು, ಹೊಳೆ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಇಲ್ಲಿ ಬರುವ ಕರಿ ಹಾವು ಅಂದರೆ ತೈಲದ ಪೈಪ್‌ಲೈನ್. 2016ರಲ್ಲಿ ಅಮೆರಿಕದ ಸ್ಟ್ಯಾಂಡಿಂಗ್ ರಾಕ್ ಎಂಬ ಮೂಲನಿವಾಸಿಗಳ ನೆಲದಲ್ಲಿ ಡಕೋಟಾ ಆಕ್ಸೆಸ್ ಪೈಪ್‌ಲೈನ್ ವಿರುದ್ಧ ನಡೆದ ಹೋರಾಟವೇ ಕಥೆಯ ಬೇರು.

ಮಗಳಿಗೆ ಹಾವು ಬಹಳ ಹಿಡಿಸಿತು. ಸ್ವಲ್ಪ ಜಾಸ್ತಿಯೇ ಹಿಡಿಸಿತು. ‘ಆಮೇಲೆ ಹಾವು ಸತ್ತೋಯ್ತಾ?’ ಅಂತ ಕೇಳಿದಳು. ಆ ಪೈಪಿನಲ್ಲಿ 2017ರಿಂದ ಎಣ್ಣೆ ಹರಿಯುತ್ತಿದೆ. ಮಲಗುವ ಹೊತ್ತಲ್ಲಿ ಅದನ್ನು ಹೇಗೆ ಹೇಳುವುದು? ‘ಇಲ್ಲ, ಇನ್ನೂ ಇದೆ’ ಅಂದೆ. ಮುಖ ಸಪ್ಪೆ ಮಾಡಿಕೊಂಡಳು. ಕೊನೆಯ ಪುಟದಲ್ಲಿ ಮಕ್ಕಳು ಹೆಸರು ಬರೆದು ಸಹಿ ಮಾಡುವ ಒಂದು ಪ್ರತಿಜ್ಞೆ ಇದೆ. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಸ್ಕೆಚ್ ಪೆನ್ನಲ್ಲಿ ಸಹಿ ಬಿದ್ದಿತ್ತು. ಪುಸ್ತಕ ಲೈಬ್ರರಿಯದ್ದು. ದಂಡ ಕಟ್ಟಿ ಬಂದೆ. ಸಹಿ ಹಾಕಿದವಳು ಮಾರನೇ ದಿನವೇ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುತ್ತಿದ್ದಳು, ಅದು ಬೇರೆ ಮಾತು.

ಎರಡನೆಯದು ಜೋಆನ್ ರಾಬರ್ಟ್‌ಸನ್ ಅವರ ‘ದಿ ವಾಟರ್ ವಾಕರ್’, 2017ರದ್ದು. ಜೋಸೆಫೀನ್ ಮಂಡಾಮಿನ್ ಎಂಬ ಅನಿಶಿನಾಬೆ ಜನಾಂಗದ ಅಜ್ಜಿಯ ನಿಜವಾದ ಕಥೆ. ನೀರನ್ನು ಕಾಪಾಡಿ ಅಂತ ಹೇಳಲು 2003ರಲ್ಲಿ ಸುಪೀರಿಯರ್ ಸರೋವರದ ಸುತ್ತ ನಡೆಯಲು ಹೊರಟ ಅವರು, ಮುಂದಿನ ವರ್ಷಗಳಲ್ಲಿ ಅಮೆರಿಕ, ಕೆನಡಾ ಭಾಗದ ಐದೂ ಮಹಾ ಸರೋವರಗಳನ್ನು ಸುತ್ತಿದರು. ಕೈಯಲ್ಲಿ ತಾಮ್ರದ ಬಕೆಟ್, ಅದರಲ್ಲಿ ನೀರು. ಚಿತ್ರಗಳು ಮಕ್ಕಳೇ ಬಿಡಿಸಿದ ಹಾಗೆ ಸರಳ. ಮೊದಲ ಪುಸ್ತಕ ನೋಡಿದ ಕಣ್ಣಿಗೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಮಗಳಿಗೆ ಇಷ್ಟವಾಗಿದ್ದು ಅಜ್ಜಿಯ ಸವೆದ ಶೂಗಳು ಮಾತ್ರ. ನನಗೆ ಇಷ್ಟವಾಗಿದ್ದು, ನೀರನ್ನು ‘ನಿಬಿ’ ಅಂತ ಮನೆಯವರನ್ನು ಕರೆದ ಹಾಗೆ ಕರೆಯುವುದು.

ಮೂರನೆಯದರ ಮೇಲೆ ನನಗೆ ಅಂಥ ನಿರೀಕ್ಷೆ ಇರಲಿಲ್ಲ. ‘ದಿ ಫಸ್ಟ್ ಬ್ಲೇಡ್ ಆಫ್ ಸ್ವೀಟ್‌ಗ್ರಾಸ್’, 2021ರದ್ದು. ಬರೆದವರು ಸುಜಾನ್ ಗ್ರೀನ್‌ಲಾ ಮತ್ತು ಗೇಬ್ರಿಯಲ್ ಫ್ರೇ. ಫ್ರೇ ಪಾಸಮಕ್ವಾಡಿ ಜನಾಂಗದವರು, ಬುಟ್ಟಿ ಹೆಣೆಯುವವರು. ಕಥೆಯಲ್ಲಿ ಹಾವೂ ಇಲ್ಲ, ಹೋರಾಟವೂ ಇಲ್ಲ. ಮಸ್ಕ್ವಾನ್ ಎಂಬ ಹುಡುಗಿ ಅಜ್ಜಿಯ ಜೊತೆ ಕಡಲಂಚಿನ ಉಪ್ಪು ಜೌಗಿಗೆ ಘಮಘಮಿಸುವ ಹುಲ್ಲು ಕೀಳಲು ಹೋಗುತ್ತಾಳೆ, ಬುಟ್ಟಿಗೆ. ಎಲ್ಲ ಹುಲ್ಲೂ ಒಂದೇ ಥರ ಕಾಣುತ್ತದೆ. ಅವಳಿಗೋ ತಾಳ್ಮೆಯಿಲ್ಲ. ಅಜ್ಜಿ ಹೇಳುವ ನಿಯಮ ಒಂದೇ, ಕಣ್ಣಿಗೆ ಬಿದ್ದ ಮೊದಲ ಎಸಳನ್ನು ಕೀಳಬಾರದು.

ಇಲ್ಲಿ ಮಗಳು ನನ್ನನ್ನು ನಿಲ್ಲಿಸಿದಳು. ‘ಅದೇ ಮೊದಲನೇದು ಅಂತ ಹೇಗೆ ಗೊತ್ತು? ಬೇರೆಯವರು ಮೊದಲೇ ಬಂದಿದ್ರೆ?’ ಒಂದು ನಿಮಿಷ ನನಗೂ ಉತ್ತರ ಹೊಳೆಯಲಿಲ್ಲ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ನಿನ್ನ ಮೊದಲನೇದು ನೀನು ಬಿಡ್ತೀಯ, ಅವರದ್ದು ಅವರು ಬಿಡ್ತಾರೆ. ಅಲ್ಲಿ ಒಂದೇ ಒಂದು ಉಳಿದಿದ್ದರೆ, ಬಂದವರಿಗೆಲ್ಲ ಅದೇ ಮೊದಲನೇದು. ಹಾಗಾದರೆ ಅದನ್ನು ಯಾರೂ ಕೀಳುವ ಹಾಗಿಲ್ಲ, ಅಲ್ವಾ? ಎರಡನೆಯದು ಕಂಡರೆ ತಾನೇ ಇನ್ನೂ ಇದೆ ಅಂತ ಗೊತ್ತಾಗುವುದು. ಅವಳು ಬೆರಳು ಮಡಚಿ ಎರಡು ಸಲ ಎಣಿಸಿ ನೋಡಿ ‘ಓ’ ಅಂದಳು.

ಅದಕ್ಕೇ ಮನೆಯಲ್ಲಿ ಒಂದೇ ಇಟ್ಟುಕೊಳ್ಳುವುದಾದರೆ ನನ್ನ ಆಯ್ಕೆ ಇದು. ತುಂಬಾ ಚಿಕ್ಕ ಮಕ್ಕಳಿಗಾದರೆ ಮೊದಲನೆಯದೇ ಸರಿ, ಬಣ್ಣ ನೋಡುತ್ತಾ ಕೂತುಬಿಡುತ್ತಾರೆ. ಆದರೆ ಹಾವು ಸತ್ತಿತಾ ಅನ್ನುವ ಪ್ರಶ್ನೆಗೆ ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ಪೆನ್ನನ್ನೂ ಎತ್ತಿಡಿ.